ನಮ್ಮಲ್ಲಿ ಗ್ಲೌಸ್ ಸಿಗುವುದಿಲ್ಲ

ಜೂನ್ ಹಿಡಿದರೆ ಮಳೆ ಬಿಡುವ ತನಕ ನಮ್ಮ ಕೌಂಟರಿಗೆ ಬರುವ ಮೊದಲ ಪ್ರಶ್ನೆ ಟೇಬಲ್ ಖಾಲಿ ಉಂಟಾ ಅಂತ ಅಲ್ಲ. "ಅಣ್ಣ, ಗ್ಲೌಸ್ ಉಂಟಾ?" ಅಂತ. ಇಲ್ಲ. ಮಾರಾಟಕ್ಕೂ ಇಲ್ಲ, ಬಾಡಿಗೆಗೂ ಇಲ್ಲ. ಮಂಗಳೂರಿನಲ್ಲಿ ಪೂಲ್ ಪಾರ್ಲರ್ ಇಟ್ಟುಕೊಂಡು ಗ್ಲೌಸ್ ಮಾರದಿರುವುದೆಂದರೆ ಮಳೆಗಾಲದಲ್ಲಿ ಕೊಡೆ ಇಡದ ಅಂಗಡಿಯ ಹಾಗೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ವ್ಯಾಪಾರದ ಲೆಕ್ಕದಲ್ಲಿ ಅವಳು ಹೇಳುವುದು ಸರಿ. ಒಂದು ಡಜನ್ ತರಿಸಿ ಗೋಡೆಗೆ ನೇತು ಹಾಕಿದರೆ ಖಾಲಿಯಾಗಲಿಕ್ಕೆ ಹೆಚ್ಚು ದಿನ ಬೇಡ. ಆದರೂ ತರಿಸುವುದಿಲ್ಲ. ಯಾಕೆ ಅಂತ ಬಂದವರಿಗೆಲ್ಲ ಹೇಳಿ ಬಾಯಿ ಒಣಗಿದೆ, ಹಾಗಾಗಿ ಒಮ್ಮೆ ಬರೆದೇ ಬಿಡುವ ಅಂತ ಕೂತಿದ್ದೇನೆ.

ಈ ಆಟದ ಪರಿಚಯ ಇಲ್ಲದವರಿಗೆ: ಪೂಲ್ ಅಂದರೆ ಸ್ಟಿಕ್ ಅಂತ ಕರೆಯುವ ಕೋಲಿನಲ್ಲಿ ವೈಟ್ ಬಾಲ್ ಹೊಡೆದು ಉಳಿದ ಬಾಲ್‌ಗಳನ್ನು ಟೇಬಲ್ಲಿನ ಗುಳಿಗೆ ಬೀಳಿಸುವ ಆಟ. ನಾನು ಹೇಳುತ್ತಿರುವುದು ಮೂರು ಬೆರಳಿನ ಗ್ಲೌಸ್. ಹೆಬ್ಬೆರಳು, ತೋರುಬೆರಳು, ನಡುಬೆರಳು ಮುಚ್ಚುತ್ತದೆ. ಉಳಿದ ಎರಡು ಹೊರಗೆ. ನೈಲಾನ್, ಲೈಕ್ರಾ ಸೇರಿಸಿ ಮಾಡಿದ ತೆಳು ಬಟ್ಟೆ, ಕೈಗೆ ಬಿಗಿಯಾಗಿ ಕೂರುತ್ತದೆ. ಬಲಗೈಯಲ್ಲಿ ಆಡುವವರು ಅದನ್ನು ಎಡಗೈಗೆ ಹಾಕುತ್ತಾರೆ, ಯಾಕೆಂದರೆ ಟೇಬಲ್ ಮೇಲೆ ಊರಿ ಸ್ಟಿಕ್‌ಗೆ ದಾರಿ ಮಾಡಿಕೊಡುವ ಕೈ ಅದು. ಬ್ರಿಡ್ಜ್ ಅಂತ ಕರೆಯುವುದು ಅದನ್ನೇ. ಬೆವರಿದ ಬೆರಳಿನ ಸಂದಿಯಲ್ಲಿ ಸ್ಟಿಕ್ ಅಂಟುತ್ತದೆ, ತಡೆದು ತಡೆದು ಹೋಗುತ್ತದೆ. ಗ್ಲೌಸ್ ಹಾಕಿದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಅದು ಹೌದು, ನಾನು ಇಲ್ಲ ಅನ್ನುವುದಿಲ್ಲ. ನಮ್ಮ ಸೆಕೆ ಎಂಥದ್ದು ಅಂತ ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಎಸಿ ಹಾಕಿದರೂ ಬಾಗಿಲು ತೆಗೆದು ಮುಚ್ಚುವಷ್ಟರಲ್ಲಿ ಒಳಗೆಲ್ಲ ಹಸಿ ಹಸಿ.

ನನಗೆ ಈ ಆಟ ಕಲಿಸಿದ್ದು ನನ್ನ ಸೋದರಮಾವ. ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದವರು. ಸ್ಕೋರ್ ಬರೆಯುವುದು, ಬಾಲ್ ಎತ್ತಿ ಇಡುವುದು, ಟೇಬಲ್ ಬ್ರಷ್ ಮಾಡಿ ಇಸ್ತ್ರಿ ಹಾಕುವುದು, ಆಡಲು ಜೊತೆ ಸಿಗದ ದೊಡ್ಡ ಮನುಷ್ಯರ ಎದುರು ನಿಂತು ಆಡಿ ಹದವಾಗಿ ಸೋಲುವುದು, ಎಲ್ಲ ಅವರದ್ದೇ. ಹೊಸಬ ಯಾರಾದರೂ ಬಂದರೆ ಅವರು ಹೊಡೆತ ನೋಡುತ್ತಿರಲಿಲ್ಲ, ಎಡಗೈ ನೋಡುತ್ತಿದ್ದರು. "ಬಲಗೈ ನಾಟಕ ಮಾಡ್ತದೆ ಮಾರಾಯ, ಎಡಗೈ ಸುಳ್ಳು ಹೇಳುದಿಲ್ಲ" ಅನ್ನುತ್ತಿದ್ದರು. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ. ಗ್ಲೌಸ್ ಹಾಕಿದ ಎಡಗೈ ಏನು ಮಾಡುತ್ತಿದೆ ಅಂತ ನೋಡುವವನಿಗೂ ಕಾಣುವುದಿಲ್ಲ, ಹಾಕಿದವನಿಗೂ ತಿಳಿಯುವುದಿಲ್ಲ.

ತೋರುಬೆರಳನ್ನು ಸ್ಟಿಕ್ ಸುತ್ತ ಉಂಗುರದ ಹಾಗೆ ಸುತ್ತಿ ಹೆಬ್ಬೆರಳಿಗೆ ತಾಗಿಸುತ್ತೇವಲ್ಲ, ಕ್ಲೋಸ್ಡ್ ಬ್ರಿಡ್ಜ್, ಅದನ್ನೇ ತೆಗೆದುಕೊಳ್ಳಿ. ಪಾರ್ಲರಿನಲ್ಲಿ ಸಿಗುವ ಸಾಮಾನ್ಯ ಪೂಲ್ ಸ್ಟಿಕ್‌ನ ತುದಿ 12-13 ಮಿಲಿಮೀಟರ್ ದಪ್ಪ, ಅಲ್ಲಿಂದ ಹಿಂದಕ್ಕೆ ಹೋದಂತೆ ದಪ್ಪ ಆಗುತ್ತಲೇ ಹೋಗುತ್ತದೆ. ಹೊಡೆಯುವಾಗ ಸ್ಟಿಕ್ ಮುಂದೆ ಹೋದಂತೆಲ್ಲ ಆ ಉಂಗುರದೊಳಗೆ ದಪ್ಪ ಭಾಗ ನುಗ್ಗುತ್ತದೆ. ಬರಿಗೈಯಲ್ಲಿ ಆಡುವವನ ಬೆರಳಿಗೆ ಅದು ಗೊತ್ತಾಗುತ್ತದೆ, ಅವನಿಗೇ ಅರಿವಿಲ್ಲದೆ ಉಂಗುರ ಒಂದು ಕೂದಲೆಳೆ ಸಡಿಲವಾಗುತ್ತದೆ. ಗ್ಲೌಸ್ ಹಾಕಿದವನಿಗೆ ಆ ಸುದ್ದಿ ತಲುಪುವುದೇ ಇಲ್ಲ. ಬಟ್ಟೆ ಜಾರುತ್ತದಲ್ಲ, ಅದಕ್ಕೆ ಅವನು ಉಂಗುರವನ್ನು ಇನ್ನಷ್ಟು ಬಿಗಿ ಮಾಡುತ್ತಾನೆ. ಸಣ್ಣ ಹೊಡೆತಕ್ಕೆ ತೊಂದರೆ ಇಲ್ಲ. ಜೋರಾಗಿ ಫಾಲೋ, ಅಂದರೆ ಇನ್ನೊಂದು ಬಾಲ್‌ಗೆ ತಾಗಿದ ಮೇಲೂ ವೈಟ್ ಬಾಲ್ ಮುಂದೆ ಓಡುವ ಹೊಡೆತ, ಹೊಡೆಯಲಿಕ್ಕೆ ಹೋದಾಗ ದಪ್ಪ ಭಾಗ ಬಂದು ಉಂಗುರಕ್ಕೆ ಕಚ್ಚಿ ಇಡೀ ಕೈಯನ್ನು ಮುಂದೆ ತಳ್ಳುತ್ತದೆ. ವೈಟ್ ಬಾಲ್ ಎಲ್ಲಿಗೋ ಹೋಗುತ್ತದೆ. ಆಮೇಲೆ ನಮ್ಮ ಟೇಬಲ್ ಲೆವೆಲ್ ಸರಿ ಇಲ್ಲ ಅಂತ ದೂರು.

ಅಡ್ಡಾದಿಡ್ಡಿ ಸ್ಟ್ರೋಕ್ ಇರುವವರದ್ದೂ ಇದೇ ಕಥೆ. ಮೊಣಕೈ ಹೊರಗೆ ತಿರುಗಿ ಸ್ಟಿಕ್ ಪಕ್ಕಕ್ಕೆ ಎಳೆದರೆ ಬರಿಬೆರಳಿನ ಒಂದು ಬದಿಗೆ ಹೆಚ್ಚು ಉಜ್ಜುತ್ತದೆ, ಸ್ವಲ್ಪ ಹೊತ್ತು ಆಡಿದರೆ ಅಲ್ಲಿ ಕೆಂಪಾಗುತ್ತದೆ. ಆ ಕೆಂಪು ಗುರುತು ನೋಡಿಯೇ ಮಾವ ಎಷ್ಟೋ ಹುಡುಗರ ಮೊಣಕೈ ಸರಿ ಮಾಡಿದ್ದಾರೆ. ಗ್ಲೌಸ್ ಹಾಕಿದರೆ ಉಜ್ಜುವುದೂ ಇಲ್ಲ, ಕೆಂಪಾಗುವುದೂ ಇಲ್ಲ. ಓರೆ ಸ್ಟ್ರೋಕ್ ಮಾತ್ರ ಹಾಯಾಗಿ ಜಾರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ.

ಸ್ಟಿಕ್ ಜಾರಲಿ, ಅದಕ್ಕೇ ಗ್ಲೌಸ್. ಆದರೆ ಕೈ ಜಾರಬಾರದಲ್ಲ? ನೈಲಾನ್‌ಗೆ ಮೇಲಿರುವುದು ಸ್ಟಿಕ್, ಕೆಳಗಿರುವುದು ಟೇಬಲ್ ಅಂತ ಭೇದ ಇಲ್ಲ. ಅಂಗೈಯ ಬುಡ, ನಡುಬೆರಳು ಎಲ್ಲ ಮುಚ್ಚಿರುವಾಗ ಟೇಬಲ್ ಬಟ್ಟೆಯನ್ನು ಹಿಡಿದುಕೊಳ್ಳಲು ಉಳಿಯುವುದು ಉಂಗುರಬೆರಳು, ಕಿರುಬೆರಳು ಎರಡೇ. ಮೆತ್ತಗಿನ ಹೊಡೆತಕ್ಕೆ ಅಷ್ಟು ಸಾಕು. ಬ್ರೇಕ್, ಅಂದರೆ ಆಟ ಶುರು ಮಾಡುವ ಜೋರು ಹೊಡೆತ, ಹೊಡೆಯುವಾಗ ಮೈಭಾರ ಮುಂದೆ ಬರುತ್ತದೆ, ಕೈ ನಾಲ್ಕೈದು ಮಿಲಿಮೀಟರ್ ಸರಿದರೂ ಕಣ್ಣಿಗೆ ಕಾಣುವುದಿಲ್ಲ. ಕುಶನ್ ಹತ್ತಿರದ ಮರದ ಅಂಚಿನ ಮೇಲೆ ಕೈ ಇಟ್ಟು ಹೊಡೆಯಬೇಕಾದರೆ ಇನ್ನೂ ಕಷ್ಟ. ಪಾಲಿಶ್ ಮಾಡಿದ ಮರದ ಮೇಲೆ ಆ ಬಟ್ಟೆ ನಿಲ್ಲುವುದೇ ಇಲ್ಲ. ನಾಲ್ಕೈದು ಮಿಲಿಮೀಟರ್ ಅಂದರೆ ಎಂತ ಮಹಾ ಅಂತ ಕೇಳಬಹುದು. ಪೂಲ್ ಬಾಲ್‌ನ ವ್ಯಾಸ 57.15 ಮಿಲಿಮೀಟರ್. ಅದರ ನಡುವಿನಿಂದ ಸುಮಾರು 14 ಮಿಲಿಮೀಟರ್‌ಗಿಂತ ಆಚೆ ಟಿಪ್, ಅಂದರೆ ಸ್ಟಿಕ್ ತುದಿಯ ಚರ್ಮದ ತುಣುಕು, ತಾಗಿದರೆ, ಅದಕ್ಕೆ ಚಾಕ್ ಎಷ್ಟೇ ಹಚ್ಚಿರಲಿ, ಟಿಪ್ ಜಾರಿ ಮಿಸ್‌ಕ್ಯೂ ಆಗುತ್ತದೆ. ನೀವು ಸೈಡ್ ಸ್ಪಿನ್ ಬೇಕು ಅಂತ 10 ಮಿಲಿಮೀಟರ್ ಆಚೆ ಗುರಿ ಇಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಕೈ ಅದೇ ಬದಿಗೆ ಐದು ಸರಿಯಿತು. ಲೆಕ್ಕ ನೀವೇ ಮಾಡಿ.

ಈಗ ಸ್ಟಿಕ್ ಯಾಕೆ ಅಂಟುತ್ತದೆ ಅನ್ನುವ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಬೆವರು ಅನ್ನುತ್ತಾರೆ. ಅರ್ಧ ಮಾತ್ರ ಬೆವರು. ಉಳಿದ ಅರ್ಧ ಕೊಳೆ. ನಮ್ಮಲ್ಲಿಗೆ ಬರುವ ಹುಡುಗರು ಕೆಳಗಿನ ಅಂಗಡಿಯಲ್ಲಿ ಗೋಳಿಬಜೆ ತಿಂದು, ಕಾಗದದಲ್ಲಿ ಕೈ ಒರೆಸಿದ ಹಾಗೆ ಮಾಡಿ, ನೇರ ಬಂದು ಸ್ಟಿಕ್ ಹಿಡಿಯುತ್ತಾರೆ. ಆ ಎಣ್ಣೆ, ಬೆವರಿನ ಉಪ್ಪು, ಅದರ ಮೇಲೆ ಚಾಕ್ ಪುಡಿ. ನಾವು ಹಚ್ಚುವ ಈ ನೀಲಿ ಚಾಕ್‌ಗೂ ಶಾಲೆಯ ಸೀಮೆಸುಣ್ಣಕ್ಕೂ ಸಂಬಂಧ ಇಲ್ಲ. 1897ರಲ್ಲಿ ಅಮೆರಿಕದಲ್ಲಿ ವಿಲಿಯಂ ಸ್ಪಿಂಕ್ಸ್ ಎಂಬ ಬಿಲಿಯರ್ಡ್ಸ್ ಆಟಗಾರ ಮತ್ತು ವಿಲಿಯಂ ಹಾಸ್ಕಿನ್ಸ್ ಎಂಬ ರಸಾಯನಶಾಸ್ತ್ರಜ್ಞ ಸೇರಿ ಪೇಟೆಂಟ್ ಪಡೆದ ಸಾಮಗ್ರಿಯ ವಂಶ ಇದು. ಸಿಲಿಕಾ ಮತ್ತು ಅಲ್ಯುಮಿನಿಯಂ ಆಕ್ಸೈಡ್ ಮುಖ್ಯ. ಎರಡನೆಯದು ಸ್ಯಾಂಡ್ ಪೇಪರಿಗೆ ಅಂಟಿಸುವ ಪುಡಿಯ ಜಾತಿಯದ್ದೇ. ಟಿಪ್‌ಗೆ ಅದು ಬೇಕು, ಬಾಲನ್ನು ಕಚ್ಚಲಿಕ್ಕೆ. ಸ್ಟಿಕ್‌ನ ಮೈಗೆ ಬೇಡ.

ಬರಿಗೈಯವನಿಗೆ ಈ ಕೊಳೆ ತಡೆಯಲಾಗುವುದಿಲ್ಲ, ಎದ್ದು ಹೋಗಿ ಸೋಪು ಹಾಕಿ ಕೈ ತೊಳೆಯುತ್ತಾನೆ, ಇಲ್ಲವೇ ನನ್ನ ಹತ್ತಿರ ಬಟ್ಟೆ ಕೇಳಿ ಸ್ಟಿಕ್ ಒರೆಸುತ್ತಾನೆ. ಗ್ಲೌಸಿನವನಿಗೆ ಕೊಳೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಟೇಬಲ್ ಬಟ್ಟೆಯ ಮೇಲೆ ಬಿದ್ದ ಚಾಕ್ ಪುಡಿಯನ್ನು ಗ್ಲೌಸ್ ಹೀರಿಕೊಳ್ಳುತ್ತದೆ. ಕಪ್ಪು ಗ್ಲೌಸ್ ಕೆಲವು ದಿನಗಳಲ್ಲಿ ಬೂದು ನೀಲಿ. ಅದೇ ಬಟ್ಟೆಯಲ್ಲಿ ಸ್ಟಿಕ್ಕನ್ನು ಹಿಂದೆ ಮುಂದೆ ತಿಕ್ಕುತ್ತಾನೆ. ಕೋಲಿನ ಮೇಲಿನ ವಾರ್ನಿಶ್‌ಗೆ ಸಣ್ಣ ಸಣ್ಣ ಗೀರು, ಗೀರಿನೊಳಗೆ ಮತ್ತೆ ಕೊಳೆ. ಮುಂದಿನ ಗಿರಾಕಿ ಬರಿಗೈಯಲ್ಲಿ ಅದೇ ಸ್ಟಿಕ್ ಹಿಡಿದರೆ ಅಂಟು ಅಂಟು. ಅವನೂ ಗ್ಲೌಸ್ ಕೇಳುತ್ತಾನೆ.

ನಾನು ಮಾಡುವುದು ಇಷ್ಟೇ: ರಾತ್ರಿ ಬಾಗಿಲು ಹಾಕುವ ಮೊದಲು ಪ್ರತಿ ಸ್ಟಿಕ್ಕನ್ನು ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಮ್ಮೆ, ತಕ್ಷಣ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸುವುದು. ಆಮೇಲೆ ಒಂದು ಚರ್ಮದ ತುಂಡು ಸುತ್ತಿ ಬಿಸಿಯಾಗುವ ಹಾಗೆ ಬೇಗ ಬೇಗ ಉಜ್ಜುವುದು. ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ, ಪ್ರತಿ ಸಲ ಕೋಲು ಸ್ವಲ್ಪ ಸ್ವಲ್ಪ ಸವೆದು ಸಣ್ಣ ಆಗುತ್ತದೆ. ಹೀಗೆ ಒರೆಸಿದ ಸ್ಟಿಕ್ಕನ್ನು ತೊಳೆದು ಒಣಗಿಸಿದ ಕೈಯಲ್ಲಿ ಹಿಡಿದು ಜುಲೈಯ ಮಳೆಯಲ್ಲೂ ಎಷ್ಟೋ ಜನ ಆರಾಮವಾಗಿ ಆಡುತ್ತಾರೆ. ಪೌಡರ್ ಬಗ್ಗೆ ಮಾತ್ರ ನನ್ನ ಹತ್ತಿರ ಮಾತಾಡಬೇಡಿ. ಹಸಿ ಕೈಗೆ ಟಾಲ್ಕಂ ಪೌಡರ್ ಹಾಕಿದರೆ ಗಂಜಿಯಾಗುತ್ತದೆ, ಟೇಬಲ್ ತುಂಬ ಬಿಳಿ ಕೈಗುರುತು. ಗ್ಲೌಸ್ ಅದಕ್ಕಿಂತ ಸಾವಿರ ಪಾಲು ಮೇಲು, ಒಪ್ಪುತ್ತೇನೆ.

ಗ್ಲೌಸಿನ ಬಗ್ಗೆ ವಾದ ಮಾಡುವವರಿಗೆ ನಾನು ಕಡೆಗೆ ಹಾಕುವ ತುರುಪು ಬೇರೆ ಉಂಟು. "ನೀನು ಎಡಗೈಯಲ್ಲಿ ಹೊಡಿತೀಯಾ?" ಅಂತ ಕೇಳುತ್ತೇನೆ. ವೈಟ್ ಬಾಲ್ ಟೇಬಲ್ಲಿನ ಆ ತುದಿಯಲ್ಲಿ ಬಲಬದಿಯ ಕುಶನ್ ಹತ್ತಿರ ಹೋಗಿ ಕೂತಿತು ಅನ್ನಿ. ಬಲಗೈಯಲ್ಲಿ ಎಟುಕುವುದಿಲ್ಲ. ಟೇಬಲ್ ಮೇಲೆ ಹತ್ತುವ ಹಾಗಿಲ್ಲ, ಒಂದು ಕಾಲಾದರೂ ನೆಲದಲ್ಲಿರಬೇಕು. ರೆಸ್ಟ್, ಅಂದರೆ ಕೈಯ ಬದಲು ಸ್ಟಿಕ್‌ಗೆ ಆಸರೆ ಕೊಡುವ ಉದ್ದ ಕೋಲು, ತೆಗೆದುಕೊಳ್ಳಬಹುದು, ಆದರೆ ನಮ್ಮವರಿಗೆ ರೆಸ್ಟ್ ಅಂದರೆ ಅವಮಾನ. ಒಳ್ಳೆಯ ಆಟಗಾರ ಏನು ಮಾಡುತ್ತಾನೆ? ಸ್ಟಿಕ್ಕನ್ನು ಎಡಗೈಗೆ ಬದಲಾಯಿಸಿ ಬಲಗೈಯನ್ನು ಟೇಬಲ್ ಮೇಲೆ ಊರುತ್ತಾನೆ. ಸ್ನೂಕರ್‌ನಲ್ಲಿ ರಾನಿ ಓ'ಸಲಿವನ್ ಇದನ್ನು ಎಷ್ಟು ಸಲೀಸಾಗಿ ಮಾಡುತ್ತಾರೆ ಅಂದರೆ ಹೊಸದಾಗಿ ನೋಡುವವರಿಗೆ ಅವರು ಎಡಚರೋ ಬಲಗೈಯವರೋ ಅಂತ ಅನುಮಾನ ಬರಬೇಕು. ನಮ್ಮ ಹುಡುಗರೂ ಕಲಿಯುತ್ತಾರೆ, ಹತ್ತಿರದ ಸುಲಭ ಬಾಲ್‌ಗೆ ಸಾಕಾಗುವಷ್ಟಾದರೂ.

ಈಗ ಗ್ಲೌಸ್ ಹಾಕಿದವನನ್ನು ನೋಡಿ. ಟೇಬಲ್ ಮೇಲೆ ಊರಿದ ಬಲಗೈ ಬರಿಗೈ, ಅದಕ್ಕೆ ಸ್ಟಿಕ್ ಅಂಟುತ್ತದೆ. ಇಷ್ಟು ಹೊತ್ತು ಜಾರುವುದಕ್ಕೆ ಒಗ್ಗಿಹೋದವನಿಗೆ ಆ ತಡೆ ದುಪ್ಪಟ್ಟಾಗಿ ಕಾಣುತ್ತದೆ. ಸ್ಟಿಕ್‌ನ ಬುಡ ಹಿಡಿದಿರುವುದು ಗ್ಲೌಸಿನ ಎಡಗೈ. ಹಿಡಿತ ಕೂರಬೇಕಾದದ್ದು ಯಾವ ಬೆರಳುಗಳಲ್ಲಿ? ಹೆಬ್ಬೆರಳು, ತೋರುಬೆರಳು, ನಡುಬೆರಳು. ಬಟ್ಟೆ ಮುಚ್ಚಿರುವುದೂ ಅದೇ ಮೂರು! ಜಾರಬೇಕಾದ ಕಡೆ ಅಂಟು, ಅಂಟಬೇಕಾದ ಕಡೆ ಜಾರು. ಬಿಚ್ಚಿ ಹಾಕಿ ಹೊಡೆಯಬಹುದಲ್ಲ ಅನ್ನುತ್ತೀರಿ. ನಮ್ಮಲ್ಲಿ ಬಿಚ್ಚಬಹುದು, ಕಾಯಲಿಕ್ಕೆ ಗೆಳೆಯರಿದ್ದಾರೆ. ಶಾಟ್ ಕ್ಲಾಕ್ ಇಟ್ಟ ಟೂರ್ನಿಗಳಲ್ಲಿ ಒಂದು ಹೊಡೆತಕ್ಕೆ 30 ಸೆಕೆಂಡ್ ಕೊಡುತ್ತಾರೆ. ಬೆವರಿದ ಕೈಯಿಂದ ಬಿಗಿ ಲೈಕ್ರಾ ಎಳೆದು ತೆಗೆಯುವಷ್ಟರಲ್ಲಿ ಅದರಲ್ಲಿ ಕಾಲು ಭಾಗ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ, ಮುಂದಿನ ಹೊಡೆತ ಹೇಗೆ ಅಂತ ತಲೆಯಲ್ಲಿ ಕಟ್ಟಿಕೊಂಡದ್ದು ಚದುರಿಹೋಗುವುದು. ಹಾಗಾಗಿ ಗ್ಲೌಸಿನವರಲ್ಲಿ ಹೆಚ್ಚಿನವರು ಕೈ ಬದಲಾಯಿಸುವ ಗೋಜಿಗೇ ಹೋಗುವುದಿಲ್ಲ. ಟೇಬಲ್ ಮೇಲೆ ಮಲಗಿಕೊಂಡು ಮೈ ಚಾಚಿ ಚಾಚಿ ಹೊಡೆಯುತ್ತಾರೆ, ಅಂಗಿಯ ತುದಿ ಯಾವುದಾದರೂ ಬಾಲ್‌ಗೆ ತಾಗುತ್ತದೆ.

ತಾಗುವ ವಿಷಯ ಬಂತು ನೋಡಿ. ಪೂಲ್ ನಿಯಮದಲ್ಲಿ ಮೈಯಾಗಲಿ ಬಟ್ಟೆಯಾಗಲಿ ಬಾಲ್‌ಗೆ ತಾಗಿದರೆ ಫೌಲ್. ಒಂದು ಬಾಲ್‌ನ ತಲೆಯ ಮೇಲಿಂದ ಬೆರಳು ಎತ್ತಿ ಬ್ರಿಡ್ಜ್ ಮಾಡುವಾಗ ಬರಿಬೆರಳು ತಾಗಿದರೆ ತಣ್ಣಗೆ ಗೊತ್ತಾಗುತ್ತದೆ, ಮರ್ಯಾದಸ್ಥ ಆದರೆ ತಾನೇ ಹೇಳುತ್ತಾನೆ. ಗ್ಲೌಸಿನ ಹೊಲಿಗೆಯ ಅಂಚು ತಾಗಿದ್ದು ಹಾಕಿದವನಿಗೆ ಗೊತ್ತಾಗುವುದೇ ಇಲ್ಲ, ಎದುರಾಳಿ ನೋಡಿರುತ್ತಾನೆ. ನಮ್ಮ ಪಾರ್ಲರಿನಲ್ಲಿ ಆಗುವ ಜಗಳಗಳಲ್ಲಿ ಈ ಜಾತಿಯದ್ದು ಬಗೆಹರಿಸಲಿಕ್ಕೆ ಬಹಳ ಕಷ್ಟ, ಯಾಕೆಂದರೆ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಇನ್ನು ವೆಲ್ಕ್ರೋ. ಮಣಿಕಟ್ಟಿಗೆ ಪಟ್ಟಿ ಇರುವ ಗ್ಲೌಸ್ ಬರುತ್ತದಲ್ಲ, ಅದರ ಒರಟು ಬದಿ ಸ್ವಲ್ಪ ಹೊರಗೆ ಚಾಚಿಕೊಂಡಿದ್ದರೂ ಸಾಕು, ಟೇಬಲ್ ಬಟ್ಟೆಯ ಉಣ್ಣೆಯನ್ನು ಎಳೆಯುತ್ತದೆ. ಒಂದು ನೂಲು ಎದ್ದರೆ ಮುಗಿಯಿತು, ಅಲ್ಲಿ ಮೆತ್ತಗೆ ಉರುಳುವ ಬಾಲ್ ಸಣ್ಣಗೆ ಹಾರುತ್ತದೆ. ಬಟ್ಟೆ ಬದಲಾಯಿಸುವ ಖರ್ಚು ಯಾರದ್ದು? ನನ್ನದು. ಇಷ್ಟು ಹೊತ್ತು ಆಟದ ಬಗ್ಗೆ ಉಪದೇಶ ಮಾಡಿದವನ ಹೊಟ್ಟೆಯೊಳಗಿನ ನಿಜವಾದ ಉರಿ ಇದೇ ಅಂತ ನೀವು ಅಂದುಕೊಂಡರೆ ನನ್ನದೇನೂ ಆಕ್ಷೇಪ ಇಲ್ಲ.

ಬಾಡಿಗೆಗೆ ಯಾಕೆ ಇಡುವುದಿಲ್ಲ ಅಂತ ಕೇಳುವವರು ಮಳೆಗಾಲದಲ್ಲಿ ನಾಲ್ಕು ಜನ ಹಾಕಿ ಬಿಚ್ಚಿದ ಗ್ಲೌಸನ್ನು ಒಮ್ಮೆ ಮೂಗಿನ ಹತ್ತಿರ ಹಿಡಿಯಬೇಕು. ಅದರ ಬಗ್ಗೆ ಅಷ್ಟು ಸಾಕು. ಗ್ಲೌಸಿನ ಬೆರಳಿಗೆ ಫೋನ್ ತೆರೆಯುವುದಿಲ್ಲ, ಟೈಮ್ ಮುಗಿದಾಗ ಕ್ಯೂಆರ್ ಸ್ಕ್ಯಾನ್ ಮಾಡಲಿಕ್ಕೆ ಪರದಾಡುತ್ತಾ ನಿಲ್ಲುತ್ತಾರೆ, ಹಿಂದೆ ಕಾಯುವವರ ಗೊಣಗಾಟ ನನ್ನ ತಲೆಗೆ.

"ದೊಡ್ಡ ದೊಡ್ಡ ಪ್ಲೇಯರ್ಸ್ ಹಾಕ್ತಾರಲ್ಲ ಅಣ್ಣ" ಅಂತ ಒಬ್ಬ ಇಂಜಿನಿಯರಿಂಗ್ ಹುಡುಗ ಯಾವಾಗಲೂ ವಾದ ಮಾಡುತ್ತಾನೆ. ಹೌದು, ಪೂಲ್‌ನಲ್ಲಿ ಹಾಕುತ್ತಾರೆ. ಅರ್ಲ್ ಸ್ಟ್ರಿಕ್‌ಲ್ಯಾಂಡ್ ಯು.ಎಸ್. ಓಪನ್ ನೈನ್ ಬಾಲ್ ಎಂಬ ಪೂಲ್ ಟೂರ್ನಿ 5 ಸಲ ಗೆದ್ದವರು, ಗ್ಲೌಸಿಗೆ ಹೆಸರಾದವರು. ಆದರೆ ಬೆರಳಿಗೆ ಭಾರ, ತೋಳಿಗೆ ಭಾರ ಎಲ್ಲ ಕಟ್ಟಿಕೊಂಡೂ ಅವರು ಆಡಿದ್ದಾರೆ. ಅದನ್ನೂ ಮಾಡ್ತೀಯಾ ಅಂತ ನಾನು ಕೇಳುತ್ತೇನೆ. ಅವರ ಸ್ಟ್ರೋಕ್ ಗಟ್ಟಿಯಾಗಿರುವುದರಿಂದ ಗ್ಲೌಸ್ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ನಾನು ತಿರುಗಿ ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಹೆಸರು ಹೇಳುತ್ತೇನೆ. ದೋಹಾದಲ್ಲಿ 2006ರಲ್ಲಿ, ಗುವಾಂಗ್‌ಝೌನಲ್ಲಿ 2010ರಲ್ಲಿ ಏಷ್ಯನ್ ಗೇಮ್ಸ್ ಬಿಲಿಯರ್ಡ್ಸ್ ಚಿನ್ನ, ಬರಿಗೈ. "ಬೆಂಗಳೂರಿನಲ್ಲಿ ಸೆಕೆ ಎಲ್ಲುಂಟು, ಅವರಿಗೆಂತ" ಅನ್ನುತ್ತಾನೆ ಅವನು. ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಬಿಲಿಯರ್ಡ್ಸ್, ಸ್ನೂಕರ್ ಆಡುವವರಿಗೆ ಗ್ಲೌಸ್ ಬೇಡವಾಗಲು ಹವೆಗಿಂತ ದೊಡ್ಡ ಕಾರಣ ಬೇರೆ. ಅವರ ಕ್ಯೂ, ಅಂದರೆ ಸ್ಟಿಕ್, ಹೆಚ್ಚಾಗಿ ಆಶ್ ಮರದ್ದು, ತುದಿ 9-10 ಮಿಲಿಮೀಟರ್. ಪೂಲ್ ಸ್ಟಿಕ್ಕಿನ ಹಾಗೆ ದಪ್ಪ ವಾರ್ನಿಶ್ ಬಳಿದಿರುವುದಿಲ್ಲ, ಎಣ್ಣೆ ತಿಕ್ಕಿ ಇಟ್ಟಿರುತ್ತಾರೆ. ಅವರು ಉಂಗುರವನ್ನೂ ಕಟ್ಟುವುದಿಲ್ಲ. ಹೆಬ್ಬೆರಳನ್ನು ತೋರುಬೆರಳಿನ ಗೆಣ್ಣಿಗೆ ಒತ್ತಿ ಮಾಡಿದ ಸಣ್ಣ ಕಣಿವೆಯಲ್ಲಿ ಕ್ಯೂ ಹಾಯುತ್ತದೆ, ಓಪನ್ ಬ್ರಿಡ್ಜ್ ಅನ್ನುವುದು ಇದನ್ನೇ. ಚರ್ಮ ತಾಗುವುದೇ ಅಷ್ಟು ಸ್ವಲ್ಪ, ಅಂಟಲಿಕ್ಕೆ ಜಾಗ ಎಲ್ಲಿ? ಪೂಲ್ ಆಡುವವರೂ ಮಳೆಗಾಲದಲ್ಲಿ ಉಂಗುರ ಬಿಟ್ಟು ಓಪನ್ ಬ್ರಿಡ್ಜ್‌ಗೆ ಬಂದರೆ ಗ್ಲೌಸಿನ ಮಾತು ಅರ್ಧಕ್ಕೆ ನಿಲ್ಲುತ್ತದೆ. ಜೋರು ಡ್ರಾ, ಅಂದರೆ ವೈಟ್ ಬಾಲ್ ತಾಗಿ ಹಿಂದಕ್ಕೆ ಬರುವ ಹೊಡೆತ, ಹೊಡೆಯುವಾಗ ಮಾತ್ರ ಉಂಗುರ ಬೇಕು ಅಂತ ಅನಿಸಬಹುದು, ಅದು ಅಭ್ಯಾಸ.

ಇಷ್ಟೆಲ್ಲ ಬರೆದರೂ ನಮ್ಮಲ್ಲಿ ಗ್ಲೌಸ್ ನಿಷೇಧ ಅಂತ ಬೋರ್ಡ್ ಏನೂ ಇಲ್ಲ, ತಂದವರು ಹಾಕಬಹುದು. ಒಬ್ಬರು ಬ್ಯಾಂಕಿನವರು ಬರುತ್ತಾರೆ, ಅವರ ಅಂಗೈ ಡಿಸೆಂಬರಿನಲ್ಲೂ ತೊಟ್ಟಿಕ್ಕುತ್ತದೆ. ಅದು ಅವರ ಮೈಯ ಪ್ರಕೃತಿ, ಕೈ ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಅವರಿಗೆ ಗ್ಲೌಸ್ ಹಾಕಿಕೊಳ್ಳಿ ಸರ್ ಅಂತ ನಾನೇ ಹೇಳಿದ್ದು. ಅಂಥವರು ಕೊಳ್ಳುವಾಗ ನೋಡಬೇಕಾದದ್ದು: ಮಣಿಕಟ್ಟಿನಲ್ಲಿ ವೆಲ್ಕ್ರೋ ಬೇಡ, ಬರೀ ಇಲಾಸ್ಟಿಕ್ ಇರಲಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಸ್ಟಿಕ್ ಹಾಯುವ ಜಾಗದಲ್ಲಿ, ಹೊಲಿಗೆ ಇರಬಾರದು. ಮುಷ್ಟಿ ಕಟ್ಟಿ ಬಿಚ್ಚಿದಾಗ ಬಟ್ಟೆ ಸುಕ್ಕು ಬಿದ್ದರೆ ಒಂದು ಸೈಜ್ ಸಣ್ಣದು ತೆಗೆದುಕೊಳ್ಳಿ. ಬೆರಳ ತುದಿ ತೆರೆದಿರುವ ನಮೂನೆಯೂ ಬರುತ್ತದೆ. ಟೇಬಲ್ ಬಟ್ಟೆ ಬೆರಳಿಗೆ ಸಿಗುವುದರಿಂದ ಅದೇ ವಾಸಿ. ತಣ್ಣೀರಿನಲ್ಲಿ ಕೈಯಿಂದಲೇ ಒಗೆದು ನೆರಳಿನಲ್ಲಿ ಹರವಿ. ನಮ್ಮ ಮಳೆಗಾಲದಲ್ಲಿ ಅದು ಒಂದೇ ರಾತ್ರಿಗೆ ಒಣಗುತ್ತದೆ ಅನ್ನುವ ಭರವಸೆ ಬೇಡ, ಎರಡು ಇಟ್ಟುಕೊಳ್ಳಿ. ಎಡಚರಾದರೆ ಬಲಗೈಯದ್ದೇ ಬೇಕು ಅಂತ ಆರ್ಡರ್ ಮಾಡುವಾಗಲೇ ನೋಡಿಕೊಳ್ಳಿ, ಬಂದ ಮೇಲೆ ನನ್ನ ಹತ್ತಿರ ಬದಲಾಯಿಸಲಿಕ್ಕೆ ಗ್ಲೌಸ್ ಇಲ್ಲ.